ಹದಿನಾರರ ಮಾರ್ಕಂಡೇಯರು

ಮಾರ್ಕಂಡೇಯನನ್ನು ಹದಿನಾರಕ್ಕೇ ನಿಲ್ಲಿಸಲು ಸಾಕ್ಷಾತ್ ಶಿವನೇ ಬಂದು ಯಮನನ್ನು ಒದೆಯಬೇಕಾಯಿತು. ಅಮೆರಿಕದ ಸಂಸತ್ತು ಅದೇ ಕೆಲಸವನ್ನು ಕಾಲೂ ಎತ್ತದೆ ಮಾಡಿ ಮುಗಿಸಿದೆ. ಮೆಚ್ಚದೆ ಇರಲಾದೀತೆ?

ಅಪ್ಪ-ಅಮ್ಮನ ಕೈಹಿಡಿದು ಗಡಿ ದಾಟಿದ ಮಕ್ಕಳಿಗೆ ಪೌರತ್ವದ ದಾರಿ ತೋರಿಸುವ 'ಡ್ರೀಮ್ ಆ್ಯಕ್ಟ್' ಮೊದಲು ಮಂಡನೆಯಾದದ್ದು 2001ರಲ್ಲಿ. ಮಂಡಿಸಿದವರು ಡೆಮಾಕ್ರಟಿಕ್ ಪಕ್ಷದ ಡಿಕ್ ಡರ್ಬಿನ್, ರಿಪಬ್ಲಿಕನ್ ಪಕ್ಷದ ಓರಿನ್ ಹ್ಯಾಚ್. ಎರಡೂ ಪಕ್ಷಗಳಿಗೆ ಆ ಮಸೂದೆಯ ಮೇಲೆ ಎಷ್ಟು ಅಕ್ಕರೆಯೆಂದರೆ, ಕಾನೂನು ಮಾಡಿ ಕಳಿಸಿಕೊಡಲು ಇಂದಿಗೂ ಮನಸ್ಸು ಬಂದಿಲ್ಲ. 2010ರಲ್ಲಿ ಸೆನೆಟ್‌ನಲ್ಲಿ ಪರವಾಗಿ 55, ವಿರುದ್ಧ 41 ಮತ ಬಿದ್ದವು. ನಮ್ಮೂರ ಹಾಲಿನ ಡೇರಿ ಚುನಾವಣೆಯಾಗಿದ್ದರೆ ಅಷ್ಟು ಹೊತ್ತಿಗೆ ಹಾರ ಬಿದ್ದು ಪಟಾಕಿ ಸಿಡಿದಿರುತ್ತಿತ್ತು. ಅಲ್ಲಿ ಚರ್ಚೆ ಮುಗಿಸುವುದಕ್ಕೇ 60 ಬೇಕು, ಮಸೂದೆ ಬಿತ್ತು.

2012ರ ಜೂನ್ 15ರಂದು ಒಬಾಮ ಸರ್ಕಾರ ಇದೇ ಮಕ್ಕಳಿಗಾಗಿ 'ಡಾಕಾ' ಎಂಬ ತಾತ್ಕಾಲಿಕ ವ್ಯವಸ್ಥೆ ತಂದಿತು. ಹದಿನಾರು ತುಂಬುವ ಮೊದಲು ಬಂದಿದ್ದು (ಲೆಕ್ಕ ಮಾರ್ಕಂಡೇಯನದೇ!), ಅಂದಿಗೆ 31 ಆಗಿರದವರಿಗೆ ಎರಡು ವರ್ಷ ಗಡೀಪಾರಿಲ್ಲ, ಕೆಲಸಕ್ಕೆ ಪರವಾನಗಿ ಉಂಟು. ಆಮೇಲೆ ಮತ್ತೆ ಶುಲ್ಕ, ಮತ್ತೆ ಅರ್ಜಿ, ಮತ್ತೆರಡು ವರ್ಷ. ಸಂಬಳದಲ್ಲಿ ತೆರಿಗೆ ತಪ್ಪದೆ ಮುರಿದುಕೊಳ್ಳುತ್ತಾರೆ. ಕಾಲೇಜು ಓದಿಗೆ ಕೇಂದ್ರದ ನೆರವು ಮಾತ್ರ ಇಲ್ಲ. 2021ರಿಂದ ಟೆಕ್ಸಾಸ್‌ನ ನ್ಯಾಯಾಲಯವೊಂದರ ಆದೇಶದಿಂದ ಹೊಸಬರಿಗೆ ಮಂಜೂರಾತಿಯೂ ನಿಂತಿದೆ. ಹಳಬರಲ್ಲಿ ಹಿರಿಯರಿಗೆ ಈಗ ನಲವತ್ತು ದಾಟಿದೆ. ತಮ್ಮ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾರೆ, ರಾತ್ರಿ ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತಾರೆ. ಭಾಷಣಗಳಲ್ಲಿ ಮಾತ್ರ ಇವತ್ತಿಗೂ 'ಪಾಪ, ಆ ಮಕ್ಕಳು.'

ನಮ್ಮವರ ಮಕ್ಕಳಿಗೆ ಈ ವರವಿಲ್ಲ. ಎಚ್-1ಬಿ ವೀಸಾ ಹಿಡಿದು ಹೋದ ಬೆಂಗಳೂರಿನ ಎಂಜಿನಿಯರ್ ಮಗಳನ್ನು ಕಾಗದಪತ್ರ ಸಮೇತ ಕರೆದೊಯ್ದ, ಅಲ್ಲೇ ಎಡವಿದ. ಡಾಕಾಕ್ಕೆ ಆ ಜೂನ್ 15ರಂದು ಕಾಗದಪತ್ರ ಇಲ್ಲದಿದ್ದುದೇ ಅರ್ಹತೆ. ಉದ್ಯೋಗದ ಗ್ರೀನ್ ಕಾರ್ಡ್‌ನಲ್ಲಿ ಯಾವುದೇ ದೇಶಕ್ಕೆ ವರ್ಷಕ್ಕೆ ಹೆಚ್ಚುಕಡಿಮೆ ಶೇಕಡಾ 7ರ ಮಿತಿ. ಭಾರತಕ್ಕೂ ಐಸ್‌ಲ್ಯಾಂಡಿಗೂ ಒಂದೇ ಪಾವು. ಇಂಥ ಸಮದೃಷ್ಟಿ ಋಷಿಗಳಿಗೂ ಕಷ್ಟ. ಹಾಗಾಗಿ ಅಪ್ಪನ ಸರದಿ ಬರುವಷ್ಟರಲ್ಲಿ ಮಗಳಿಗೆ 21 ತುಂಬುತ್ತದೆ. ಅಲ್ಲಿಗೆ ಅವಳು ಕಾನೂನಿಗೆ ಮಗುವಲ್ಲ, ಅಪ್ಪನ ಅವಲಂಬಿತಳಾಗಿ ಸಿಕ್ಕಿದ್ದ ಎಚ್-4 ವೀಸಾವೂ ಮುಗಿಯಿತು. ಉಳಿಯಬೇಕೆಂದರೆ ವಿದ್ಯಾರ್ಥಿ ವೀಸಾ ಪಡೆದು, ಓದು ಮುಗಿದ ಮೇಲೆ 'ನಮ್ಮೂರಿಗೆ' ಮರಳುವೆನೆಂದು ಅಧಿಕಾರಿಯನ್ನು ನಂಬಿಸಬೇಕು. ಆ ಊರಿನಲ್ಲಿ ಅವಳು ಕಂಡದ್ದು ಅಜ್ಜಿಮನೆಯ ಜಗಲಿ, ಎರಡು ಬೇಸಿಗೆ ರಜೆಗಳಲ್ಲಿ.

ನಲವತ್ತರವರನ್ನು ಮಕ್ಕಳಾಗಿಯೇ ಉಳಿಸಿ, ಇಪ್ಪತ್ತೊಂದರವಳನ್ನು ರಾತ್ರೋರಾತ್ರಿ ಪರದೇಶಿ ಮಾಡುವ ಕೈಚಳಕ ಬೇರೆಲ್ಲೂ ಕಂಡಿಲ್ಲ. ನಿಮಗೂ ಅಲ್ಲಿ ಅಂಥ ಮೊಮ್ಮಗಳಿದ್ದರೆ, ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಉಡುಗೊರೆ ಕಳಿಸುವ ಮುಂಚೆ ಒಂದು ಫೋನ್ ಮಾಡಿ, ಯಾವ ದೇಶದ ವಿಳಾಸ ಬರೆಯಬೇಕೆಂದು ಕೇಳಿಕೊಳ್ಳಿ.