ಡಲ್ಲಾಸಿನ ಹಿತ್ತಿಲಲ್ಲಿ ದಪ್ಪ ಟೊಮೆಟೊ

ಬೀಫ್‌ಸ್ಟೀಕ್ ಗುಂಪಿನ ಟೊಮೆಟೊ ಅಗಲವಾಗಿ, ಚಪ್ಪಟೆಯಾಗಿ, ಒಳಗೆ ಹಲವು ತೊಳೆಗಳೊಂದಿಗೆ ಬೆಳೆಯುತ್ತದೆ. ಒಂದೇ ಹಣ್ಣು ಅರ್ಧ ಕೆಜಿ ತೂಗುವುದುಂಟು. 1986ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಬೆಳೆದ ‘ಡಿಲಿಷಿಯಸ್’ ತಳಿಯ ಹಣ್ಣೊಂದು 3.51 ಕೆಜಿ ತೂಗಿ ಗಿನ್ನೆಸ್ ದಾಖಲೆ ಸೇರಿತ್ತು. ಪಕ್ಕದ ಟೆಕ್ಸಸ್‌ನಲ್ಲಿ ನೆಲೆಸಿದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಮನೆಗಳಲ್ಲಿ ಈ ಬೆಳೆಯ ಉಸ್ತುವಾರಿ ಆರು ತಿಂಗಳಿಗೆಂದು ಬಂದಿಳಿದ ಅಪ್ಪಯ್ಯನದು. ‘ಬೀಫ್‌ಸ್ಟೀಕ್’ ಎಂಬ ಹೆಸರನ್ನು ಮಾತ್ರ ಅವರೆದುರು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಮಿಡಿ ಉಪ್ಪಿನಕಾಯಿಯ ಜೊತೆ ಊರಿನ ಬೀಜ ತರುವಂತಿಲ್ಲ. ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದ ಬೀಜ ವಿಮಾನ ನಿಲ್ದಾಣದಲ್ಲೇ ಉಳಿಯುತ್ತದೆ. ಟೆಕ್ಸಸ್‌ನಲ್ಲಿ ಸಿಗುವ ಸಸಿಯನ್ನೇ ಕೊಳ್ಳಬೇಕು. 1994ರಲ್ಲಿ ಆಲ್-ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಪಡೆದ ‘ಬಿಗ್ ಬೀಫ್’ ಹಲವು ರೋಗಗಳನ್ನು ತಡೆದುಕೊಂಡು ಬೇಗ ಫಸಲು ಕೊಡುತ್ತದೆ. ಹೆಸರುವಾಸಿ ‘ಬ್ರ್ಯಾಂಡಿವೈನ್’ ತಡವಾಗಿ ಬಂದು ಬಿಸಿಲಿಗೆ ಸಿಕ್ಕಿಬೀಳುತ್ತದೆ.

ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ಕ್ಕಿಂತ ಕೆಳಗಿಳಿಯದಿದ್ದರೆ ಪರಾಗ ಕೆಟ್ಟು ಹೂವು ಉದುರುತ್ತದೆ. ಡಲ್ಲಾಸಿನ ಜುಲೈ, ಆಗಸ್ಟ್ ಹಾಗೆಯೇ. ಆದ್ದರಿಂದ ಮಾರ್ಚ್ ಕೊನೆಗೆ, ಹಿಮದ ಭಯ ಕಳೆದೊಡನೆ ನಾಟಿ ಮಾಡಬೇಕು. ಊರಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಕೊಯ್ಲು.

ಮಲೆನಾಡಿನ ಕೃಷಿಯಲ್ಲಿ ಅರ್ಧ ಪಾಲು ಅತಿ ಮಳೆಯನ್ನು ಎದುರಿಸುವ ವಿದ್ಯೆ: ತೋಟಕ್ಕೆ ಬಸಿಗಾಲುವೆ, ಹುಳಿ ಮಣ್ಣಿಗೆ ಸುಣ್ಣ, ಕೊಳೆರೋಗಕ್ಕೆ ಬೋರ್ಡೊ ದ್ರಾವಣ. ಡಲ್ಲಾಸಿನ ಕಪ್ಪು ಎರೆಮಣ್ಣು ಬಿಸಿಲಿಗೆ ಬಿರುಕು ಬಿಡುವಂಥದ್ದು, ಸುಣ್ಣದಂಶ ಮೊದಲೇ ತುಂಬಿದ್ದು. ಆದರೂ ಕಾಯಿಯ ತಳ ಕಪ್ಪಾಗಿ ಕೊಳೆತೊಡನೆ, “ಮಾಣಿ, ಬುಡಕ್ಕೆ ಒಂದು ಮುಷ್ಟಿ ಸುಣ್ಣ ಹಾಕೋ” ಎಂಬ ಆಜ್ಞೆ ಹೊರಡುತ್ತದೆ. ಅದು ಕ್ಯಾಲ್ಸಿಯಂ ಕೊರತೆಯೇ ಸರಿ. ಆದರೆ ಮಣ್ಣಿನಲ್ಲಿ ಬೇಕಾದಷ್ಟಿದ್ದರೂ, ಒಂದು ದಿನ ಹೊಳೆಯಂತೆ ಬಿಟ್ಟು ಮೂರು ದಿನ ಮರೆತ ನೀರಿನೊಡನೆ ಅದು ಕಾಯಿಗೆ ತಲುಪುವುದಿಲ್ಲ. ಹದವಾಗಿ ಹನಿ ನೀರು ಕೊಡುವುದೇ ಮದ್ದು. ಸೆಖೆಗೆ ಎಲೆ ಸುರುಟಿಕೊಂಡಾಗ ಬೋರ್ಡೊಗೆ ಮೈಲುತುತ್ತ ಎಲ್ಲಿ ಸಿಗುತ್ತದೆಂಬ ವಿಚಾರಣೆ ಏಳುತ್ತದೆ. ಶಿಲೀಂಧ್ರ ತಡೆಯುವ ಬೋರ್ಡೊ ಬಿಸಿಲನ್ನು ತಡೆಯದು.

ಗೆಲ್ಲುವುದು ಅಮ್ಮನ ಪಾಠ: ಬುಡಕ್ಕೆ ದರಗು. ನೆರೆಯವರು ಚೀಲ ಕಟ್ಟಿ ರಸ್ತೆ ಬದಿಗಿಟ್ಟ ಓಕ್ ಎಲೆಯನ್ನು ಅಮ್ಮ ಹೊತ್ತು ತರುವಾಗ ಮಗ ಗ್ಯಾರೇಜಿನ ಬಾಗಿಲು ಅರ್ಧ ಇಳಿಸಿ ನಿಲ್ಲುತ್ತಾನೆ. ಮೂರು-ನಾಲ್ಕು ಇಂಚು ಹಾಸಿದರೆ ಬೇರು ತಂಪಾಗಿದ್ದು ತೇವ ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಲಿಗೆ ಪಶ್ಚಿಮದ ಕಡೆ ನೆರಳು ಬಲೆ ಕಟ್ಟಿದರೆ ಕಾಯಿ ಸುಡುವುದಿಲ್ಲ.

ಟೊಮೆಟೊ ಹೂವು ಅಲುಗಿದರೆ ಸಾಕು, ಪರಾಗ ಉದುರಿ ತನ್ನಲ್ಲೇ ಕಾಯಿ ಕಚ್ಚುತ್ತದೆ. ಗಾಳಿ, ದುಂಬಿ ಸಾಲದಿದ್ದಾಗ ಬೆಳಿಗ್ಗೆ ಹೂಗೊಂಚಲಿನ ತೊಟ್ಟಿಗೆ ಬ್ಯಾಟರಿ ಟೂತ್‌ಬ್ರಷ್ ತಾಗಿಸುವುದು ರೂಢಿ. ಆಫೀಸಿನ ಮೀಟಿಂಗಿಗೆ ಮುಂಚೆ ಸೊಸೆ ಗಿಡಕ್ಕೆ ಹಲ್ಲುಜ್ಜುತ್ತಾಳೆಂಬ ಸುದ್ದಿ ಅದೇ ದಿನ ಶೃಂಗೇರಿ ತಲುಪುತ್ತದೆ.

30 ಡಿಗ್ರಿ ಮೀರಿದರೆ ಕೆಂಪು ಬಣ್ಣದ ಲೈಕೋಪೀನ್ ಸರಿಯಾಗಿ ಕೂಡದೆ ಹಣ್ಣು ಹಳದಿಯಲ್ಲೇ ನಿಲ್ಲುತ್ತದೆ. ತುದಿ ನಸುಗೆಂಪಾದೊಡನೆ ಕೊಯ್ದು ಏಸಿಯ ತಂಪಿನಲ್ಲಿಟ್ಟರೆ ಕೆಲವೇ ದಿನದಲ್ಲಿ ಹಣ್ಣಾಗುತ್ತದೆ. ಊರಲ್ಲಿ ಮಂಗ ಮಾಡುವ ಕೆಲಸವನ್ನು ಅಲ್ಲಿ ಅಳಿಲು ವಹಿಸಿಕೊಂಡಿರುವುದರಿಂದಲೂ ಬೇಗ ಕೊಯ್ಯುವುದು ಲೇಸು. ತಿರುಳು ಜಾಸ್ತಿ, ಹುಳಿ ಕಮ್ಮಿ. ಗೊಜ್ಜಿಗೆ ಸೈ, ಸಾರಿಗೆ ಸ್ವಲ್ಪ ವಾಟೆಹುಳಿ ಬೇಕು.

ಜೂನ್ ಕೊನೆಗೆ ಮತ್ತೆ ಸಸಿ ನೆಟ್ಟು ಕಾಪಾಡಿದರೆ ಸೆಪ್ಟೆಂಬರಿನ ರಾತ್ರಿ ತಂಪಿಗೆ ಕಾಯಿ ಕಚ್ಚಿ, ಅಕ್ಟೋಬರ್-ನವೆಂಬರಿನಲ್ಲಿ ಎರಡನೆಯ ಫಸಲು ಸಿಗುತ್ತದೆ. ಅಷ್ಟರಲ್ಲಿ ಅಪ್ಪಯ್ಯ ಅಡಿಕೆ ಕೊಯ್ಲಿಗೆ ಊರು ಸೇರಿರುತ್ತಾರೆ. ನೀರು ಬಿಡುವ ಕೆಲಸ ಮಗನಿಗೆ, ತಪಾಸಣೆ ವಿಡಿಯೊ ಕರೆಯಲ್ಲಿ.