ಬಿಟ್ಟ ಕಂಬಿ

ನಮ್ಮಪ್ಪ ತುಮಕೂರಿನಲ್ಲಿ ಮನೆ ಕಟ್ಟಿಸಿದ್ದು 1996ರಲ್ಲಿ. ಮೋಲ್ಡ್ ಹಾಕಿಸುವ ಹೊತ್ತಿಗೆ ದುಡ್ಡು ಮುಗಿದಿತ್ತು, ಆಸೆ ಮುಗಿದಿರಲಿಲ್ಲ. ಹಾಗಾಗಿ ತಾರಸಿಯ ಮೇಲೆ ಪ್ರತಿ ಪಿಲ್ಲರಿನ ತಲೆಯಿಂದಲೂ ನಾಲ್ಕು ನಾಲ್ಕು ಕಂಬಿಗಳು ಆಕಾಶ ನೋಡುತ್ತ ನಿಂತವು. ಮನೆ ನೋಡಲು ಬಂದವರಿಗೆ ಅಪ್ಪ ಹಾಲ್, ದೇವರಮನೆ, ಅಡುಗೆಮನೆ ಎಲ್ಲವನ್ನೂ ಬೇಗ ಬೇಗ ತೋರಿಸಿ ತಾರಸಿಗೆ ಹತ್ತಿಸುತ್ತಿದ್ದರು. ಅಲ್ಲಿ ಸೊಂಟದ ಮೇಲೆ ಕೈಯಿಟ್ಟು, "ಮುಂದಕ್ಕೆ ಅಂತ ಕಂಬಿ ಬಿಟ್ಟಿದೀವಿ" ಎನ್ನುತ್ತಿದ್ದರು. ಕಟ್ಟಿಸಿದ್ದಕ್ಕಿಂತ ಬಿಟ್ಟಿದ್ದರ ಮೇಲೆಯೇ ಅವರಿಗೆ ಅಭಿಮಾನ ಜಾಸ್ತಿ.

ಮಹಡಿ ಯಾವಾಗ ಎಂದು ಅಮ್ಮ ಕೇಳಿದಾಗಲೆಲ್ಲ "ಬರೋ ವರ್ಷ" ಎಂಬ ಉತ್ತರ ಸಿದ್ಧವಾಗಿತ್ತು. ದೆವ್ವ ಬಾಗಿಲು ತಟ್ಟದಿರಲಿ ಎಂದು ನಮ್ಮ ಊರುಗಳಲ್ಲಿ ಗೋಡೆಯ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರಲ್ಲ, ಇದು ಅದೇ ಉಪಾಯದ ಗೃಹಸ್ಥ ರೂಪ. ಅಮ್ಮ ಕೊನೆಗೆ ಕೇಳುವುದನ್ನೇ ಬಿಟ್ಟು ಕಂಬಿಯಿಂದ ಕಂಬಿಗೆ ನೈಲಾನ್ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದಳು. ಸೀರೆ ಸಿಕ್ಕಿ ಹರಿಯಬಾರದೆಂದು ಕಂಬಿಗಳ ತುದಿಗೆ ಹಿಡಿ ಮುರಿದ ಪ್ಲಾಸ್ಟಿಕ್ ಮಗ್ಗುಗಳನ್ನು ಬೋರಲು ಹಾಕಿದಳು. ನೀಲಿ, ಕೆಂಪು, ಹಸಿರು ಟೋಪಿಯ ಕಂಬಿಗಳು ದೂರದಿಂದ ಯಾವುದೋ ಮೆರವಣಿಗೆಗೆ ಹೊರಟವರಂತೆ ಕಾಣುತ್ತಿದ್ದವು.

ಸಿನಿಮಾದವರೂ ಹೀಗೆ ಕಂಬಿ ಬಿಡುತ್ತಾರೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಸತ್ತನೆಂದುಕೊಂಡ ವಿಲನ್ನಿನ ಬೆರಳು ಕೊನೆಯ ದೃಶ್ಯದಲ್ಲಿ ಅಲ್ಲಾಡಿದರೆ ಅದೊಂದು ಕಂಬಿ. ಕೆಲವರು ನೇರವಂತರು, ಬೋರ್ಡಿನಲ್ಲೇ ಹೇಳಿಬಿಡುತ್ತಾರೆ. 'ಕೆಜಿಎಫ್' 2018ರಲ್ಲಿ ಬಂದಾಗಲೇ ಹೆಸರಿನ ಪಕ್ಕ 'ಚಾಪ್ಟರ್ 1' ಎಂದಿತ್ತು. ಎರಡನೆಯದಕ್ಕೆ ನಡುವೆ ಕೊರೊನಾ ಅಡ್ಡ ಬಂದು 2022ರವರೆಗೆ ಕಾಯಬೇಕಾಯಿತು. 'ಕಾಂತಾರ'ದವರದು ಇನ್ನೂ ಚಮತ್ಕಾರ. ಮೊದಲು ಕಟ್ಟಿದ ಮನೆಯ ಮೇಲೆ ಮಹಡಿ ಏಳುತ್ತದೆಂದು ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರೆ, ಅವರು ಮೂರು ವರ್ಷದ ಮೇಲೆ ಹಿಂದಿನ ಕಾಲದ ಕಥೆ ಹೇಳಿ ನೆಲಮಾಳಿಗೆ ತೋಡಿದರು. 'ಚಾಪ್ಟರ್ 1' ಎರಡನೆಯದಾಗಿ ಬಂತು.

ಕಂಬಿಯೇ ಬಿಡದೆ ಮಹಡಿ ಎತ್ತಿದವರೂ ಇದ್ದಾರೆ. 2006ರ ಕೊನೆಗೆ ಬಂದ 'ಮುಂಗಾರು ಮಳೆ'ಯಲ್ಲಿ ಹುಡುಗಿ ದಕ್ಕಲಿಲ್ಲ, ಮೊಲ ದೇವದಾಸನೂ ಸತ್ತ. ಅಷ್ಟು ಮಳೆ ಸುರಿದ ಮೇಲೆ ಇನ್ನೇನು ಉಳಿದಿತ್ತು? ಆದರೂ ಹತ್ತು ವರ್ಷಕ್ಕೆ ಎರಡನೆಯದು ಬಂತು. ನಿರ್ದೇಶಕರು ಬೇರೆ, ಕಥೆ ಬೇರೆ; ಗಣೇಶ್ ಮತ್ತು ಬೋರ್ಡು ಮಾತ್ರ ಅವೇ.

ಇಂಥ ಅಂತರಗಳನ್ನು ಅಳೆಯಲು ನಾನೊಂದು ಮಾನವನ್ನು ಇಟ್ಟುಕೊಂಡಿದ್ದೇನೆ: ವನವಾಸ. ಒಂದು ವನವಾಸಕ್ಕೆ 14 ವರ್ಷ. 2008ರ 'ಗಾಳಿಪಟ'ಕ್ಕೂ 2022ರ 'ಗಾಳಿಪಟ 2'ಕ್ಕೂ ನಡುವೆ ಕರಾರುವಾಕ್ಕಾಗಿ ಒಂದು ವನವಾಸ. ಮೂವರು ಗೆಳೆಯರಲ್ಲಿ ಗಣೇಶ್, ದಿಗಂತ್ ವಾಪಸ್ಸಾದರು. ಗಾಯಕ ರಾಜೇಶ್ ಕೃಷ್ಣನ್ ಇದ್ದ ಜಾಗಕ್ಕೆ ನಿರ್ದೇಶಕ ಪವನ್ ಕುಮಾರ್ ಬಂದರು. ಕಾಡಿಗೆ ಹೋದವರೆಲ್ಲ ಹೋದ ಹಾಗೇ ಮರಳುವುದು ರಾಮಾಯಣದಲ್ಲೂ ಕಷ್ಟವೇ.

'ಉಪೇಂದ್ರ'ದ್ದು ಒಂದು ವನವಾಸದ ಮೇಲೆ ಎರಡು ವರ್ಷ. 1999ರ ಚಿತ್ರದಲ್ಲಿ ನಾಯಕನ ಹೆಸರು 'ನಾನು'. 2015ರ 'ಉಪ್ಪಿ 2'ರಲ್ಲಿ 'ನೀನು'. 'ನಾನು'ವಿನಿಂದ 'ನೀನು'ವಿಗೆ ಬರಲು 16 ವರ್ಷ ಬೇಕಾಯಿತು ಎಂದು ನಾನು ನಗೆಯಾಡಿದಾಗ ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತ, ತಲೆಯೆತ್ತದೆ, "ಪರವಾಗಿಲ್ಲ, ಬೇಗ ಬಂದಿದಾರೆ" ಎಂದಳು. ನಮ್ಮ ಮದುವೆಯಾಗಿ ಆಗ 18 ವರ್ಷ.

ಪೂರಾ ಎರಡು ವನವಾಸ ಕಳೆದದ್ದು ತಮಿಳಿನ 'ಇಂಡಿಯನ್'. ಮೊದಲನೆಯದು 1996, ಎರಡನೆಯದು 2024. ಮೊದಲ ಚಿತ್ರದ ಹೊತ್ತಿಗೆ ಕಮಲ್ ಹಾಸನ್‌ಗೆ 41 ವರ್ಷ. ಮುದುಕ ಸೇನಾಪತಿಯಾಗಲು ಮುಖಕ್ಕೆಲ್ಲ ಮೇಕಪ್ಪಿನ ಸುಕ್ಕು ಅಂಟಿಸಿಕೊಂಡರು. ರಾಷ್ಟ್ರಪ್ರಶಸ್ತಿಯೂ ಬಂತು. ಎರಡನೆಯದು ಬಂದಾಗ ಅವರಿಗೇ 69. ಇನ್ನು ಮೇಕಪ್ಪಿನ ಖರ್ಚು ಉಳಿಯಿತು ಎಂದುಕೊಂಡರೆ ಅದೂ ಇಲ್ಲ, ಏಕೆಂದರೆ ಅಷ್ಟರಲ್ಲಿ ಸೇನಾಪತಿಗೂ ವಯಸ್ಸಾಗಿತ್ತು! ನೇತಾಜಿ ಸೈನ್ಯದಲ್ಲಿದ್ದವನು, ಲೆಕ್ಕ ಹಾಕಿದರೆ ನೂರು ದಾಟಿರಬೇಕು. ಆದರೂ ಯಾರಿಗೂ ಕಡಿಮೆಯಿಲ್ಲದಂತೆ ಹೊಡೆದಾಡುತ್ತಾನೆ. ನೋಡುತ್ತ ಕೂತ ನನಗೆ ಮಾತ್ರ ಮಂಡಿ ನೋಯುತ್ತಿತ್ತು.

ಕಾಲವೇ ಸರಿದಿಲ್ಲವೆಂದು ನಟಿಸುವುದನ್ನು ನಾನು ಕಾರ್ಟೂನಿಗೆ ಮಾತ್ರ ಕ್ಷಮಿಸುತ್ತೇನೆ. 'ದಿ ಇನ್‌ಕ್ರೆಡಿಬಲ್ಸ್' 2004ರಲ್ಲಿ ಮುಗಿದ ಗಳಿಗೆಯಿಂದಲೇ 2018ರ ಎರಡನೆಯದು ಶುರುವಾಗುತ್ತದೆ. ಅದೂ ಒಂದು ವನವಾಸವೇ, ಆದರೆ ಮನೆಯ ಕೂಸು ಇನ್ನೂ ಕೂಸೇ. ಮೊದಲನೆಯದನ್ನು ತೊಡೆಯ ಮೇಲೆ ಕೂತು ನೋಡಿದ ನಮ್ಮಕ್ಕನ ಮಗ ಎರಡನೆಯದಕ್ಕೆ ಗಡ್ಡ ಬಿಟ್ಟುಕೊಂಡು ಬಂದಿದ್ದ. ಇದಕ್ಕೆ ತದ್ವಿರುದ್ಧ ಹಿಂದಿಯ 'ಗದರ್'. 2001ರಲ್ಲಿ ಸನ್ನಿ ದೇವಲ್ ಮಗನಾಗಿ ಕಾಣಿಸಿದ ಹುಡುಗ ಉತ್ಕರ್ಷ್ ಶರ್ಮಾ, ನಿರ್ದೇಶಕರ ಮಗನೇ. 2023ರಲ್ಲಿ ಅದೇ ಪಾತ್ರಕ್ಕೆ ಅದೇ ಹುಡುಗ ಬಂದ, ಆಳೆತ್ತರ ಬೆಳೆದು. 22 ವರ್ಷ ಅನ್ನ ಹಾಕಿ ಬೆಳೆಸಿದ ಮೇಕಪ್ಪು ಅದು.

ಅಂತರವನ್ನು ನೆನೆದಾಗ ನಗು ಬರದ ಜೋಡಿಯೂ ಒಂದಿದೆ. 'ಆಪ್ತಮಿತ್ರ' ತೆರೆಗೆ ಬಂದದ್ದು 2004ರ ಆಗಸ್ಟಿನಲ್ಲಿ. ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡದ್ದು ಅದೇ ವರ್ಷದ ಏಪ್ರಿಲಿನಲ್ಲಿ. ನಾಗವಲ್ಲಿಯಾಗಿ ಅವರು ಕಣ್ಣರಳಿಸಿದಾಗ ಚಿತ್ರಮಂದಿರದಲ್ಲಿ ಶಿಳ್ಳೆಯ ಬದಲು ಒಂದು ನಿಟ್ಟುಸಿರು ಕೇಳಿದ್ದು ನನಗೆ ನೆನಪಿದೆ. ಮುಂದುವರಿದ ಭಾಗ 'ಆಪ್ತರಕ್ಷಕ' 2010ರ ಫೆಬ್ರವರಿಯಲ್ಲಿ ಬಂತು. ವಿಷ್ಣುವರ್ಧನ್ ಹಿಂದಿನ ಡಿಸೆಂಬರ್ 30ರಂದು ಹೋಗಿಬಿಟ್ಟಿದ್ದರು. ಎರಡು ಚಿತ್ರ, ಎರಡಕ್ಕೂ ಒಬ್ಬೊಬ್ಬರು ಇಲ್ಲ. ನಮ್ಮ ಮುಂದಿನ ಸಾಲಿನ ಮಧ್ಯವಯಸ್ಕರೊಬ್ಬರು ಚಿತ್ರ ಮುಗಿದು ದೀಪ ಹತ್ತಿದರೂ ಏಳಲಿಲ್ಲ. ಕಸ ಗುಡಿಸುವವನು ಪೊರಕೆ ಹಿಡಿದು ಬಂದವನು, ಅವರನ್ನು ಬಿಟ್ಟು ಪಕ್ಕದ ಸಾಲಿಗೆ ಹೋದ.

ನನ್ನ ಲೆಕ್ಕದಲ್ಲಿ ಅತ್ಯಂತ ಚೆನ್ನಾಗಿ ಕಾದವರು ಫ್ರಾನ್ಸಿನವರು. ಕ್ಲೋದ್ ಲಲೂಶ್ 1966ರಲ್ಲಿ 'ಎ ಮ್ಯಾನ್ ಅಂಡ್ ಎ ವುಮನ್' ಮಾಡಿದರು. ಗಂಡ ಸತ್ತವಳು, ಹೆಂಡತಿ ಸತ್ತವನು, ಇಬ್ಬರಿಗೂ ಒಂದೊಂದು ಮಗು. ನಡುವೆ ಮಳೆ, ಕಾರು ಮತ್ತು ಸಂಕೋಚ. 1986ರಲ್ಲಿ ಅದೇ ಅನೂಕ್ ಏಮೆ, ಅದೇ ಜಾನ್ ಲೂಯಿ ತ್ರೆಂತಿನ್ಯಾನ್ ಮತ್ತೆ ಸೇರಿದರು. 2019ರಲ್ಲಿ ಮೂರನೆಯ ಸಲ ಬಂದಾಗ ಇಬ್ಬರಿಗೂ 85 ದಾಟಿತ್ತು. ಒಂದು ಕಾಲದ ಕಾರ್ ರೇಸಿನವನು ವೃದ್ಧಾಶ್ರಮದಲ್ಲಿ ಕುರ್ಚಿಯಲ್ಲಿ ಕೂತಿದ್ದಾನೆ, ಮರೆವು ಹತ್ತಿದೆ. ನೋಡಲು ಬಂದವಳ ಗುರುತು ಹತ್ತುವುದಿಲ್ಲ. ಅವಳ ಮುಂದೆಯೇ ಅವಳ ಬಗ್ಗೆ ಹೇಳಿಕೊಳ್ಳುತ್ತಾನೆ. ನಡುನಡುವೆ 1966ರ ಚಿತ್ರದ ತುಣುಕುಗಳು ಬಂದು ಹೋಗುತ್ತವೆ. ಸುಮಾರು ನಾಲ್ಕು ವನವಾಸದ ಸುಕ್ಕುಗಳು ತೆರೆಯ ಮೇಲೆ ಇದ್ದ ಹಾಗೇ ಇವೆ, ಯಾವುದಕ್ಕೂ ಸುಣ್ಣ ಬಳಿದಿಲ್ಲ.

ಸುಣ್ಣ ಬಳಿಯುವ ಮಾತಿಗೆ ನಮ್ಮ ಮೇಸ್ತ್ರಿ ನೆನಪಾಗುತ್ತಾನೆ. 2024ರಲ್ಲಿ, ಅಪ್ಪ ಹೋಗಿ ಐದು ವರ್ಷದ ಮೇಲೆ, ನಾನು ಮಹಡಿ ಎತ್ತಿಸಲು ಹೊರಟೆ. 'ಇಂಡಿಯನ್'ಗೂ ನಮ್ಮ ಮನೆಗೂ ಒಂದೇ ಜಾತಕ ಎಂಬುದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಮೇಸ್ತ್ರಿ ತಾರಸಿಗೆ ಹತ್ತಿದವನು ಅಮ್ಮನ ಮಗ್ಗುಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಜೋಡಿಸಿಟ್ಟ. ವೈರ್ ಬ್ರಷ್ಷಿನಿಂದ ಕಂಬಿ ಉಜ್ಜಿದ. ಕುಂಕುಮದಂಥ ಪುಡಿ ಉದುರಿತು. ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಟ್ಟ.

"ಮೇಲೆ ಬಣ್ಣ ಹೊಡೆದಿದ್ರೆ ಗೊತ್ತಾಗ್ತಿರಲಿಲ್ಲ ಸಾರ್. ತುಕ್ಕು ಕಾಣಿಸ್ತಿರೋದೇ ಒಳ್ಳೇದಾಯ್ತು. ಎಷ್ಟು ತಿಂದೈತೆ, ಎಷ್ಟು ಗಟ್ಟಿ ಉಳಿದೈತೆ ಅಂತ ನೋಡ್ಕೊಂಡು ಹೊಸಾದು ಜೋಡಿಸ್ಬೋದು."

ಮುಂದುವರಿದ ಭಾಗಗಳ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ಸರಿಯಾದ ಮಾತು ಸಿಕ್ಕಿರಲಿಲ್ಲ. ಮೇಸ್ತ್ರಿ ಪಿಲ್ಲರಿನ ತಲೆಯನ್ನು ಸ್ವಲ್ಪ ಕೆತ್ತಿ, ಒಳಗಿನ ಒಳ್ಳೆಯ ಕಬ್ಬಿಣ ಸಿಕ್ಕುವವರೆಗೆ ಹೋಗಿ, ಅದರ ಪಕ್ಕಕ್ಕೆ ಹೊಸ ಕಂಬಿ ನಿಲ್ಲಿಸಿ ಬೈಂಡಿಂಗ್ ವೈರು ಸುತ್ತಿದ. ಮೂಲೆಯ ಪಿಲ್ಲರಿನ ಕಂಬಿಗಳು ಮಾತ್ರ 28 ವರ್ಷ ಒದ್ದೆ ಬೆಡ್‌ಶೀಟು ಹೊತ್ತು ಒಂದೇ ಕಡೆಗೆ ಬಾಗಿದ್ದವು.

ಮಹಡಿಯ ಮೋಲ್ಡ್ ಹಾಕಿ, ನೀರು ಕಟ್ಟಿ, ಸೆಂಟ್ರಿಂಗ್ ಬಿಚ್ಚಿದ ಮೇಲೆ ಅಮ್ಮನನ್ನು ಕೈಹಿಡಿದು ಹೊಸ ತಾರಸಿಗೆ ಹತ್ತಿಸಿದೆ. ನಡುವೆ ಎರಡು ಸಲ ಕೂತು ಸುಧಾರಿಸಿಕೊಂಡಳು. ಮೇಲೆ ಬಂದು ನೋಡಿದರೆ ಎಲ್ಲ ಪಿಲ್ಲರುಗಳ ಮೇಲೂ ಮತ್ತೆ ನಾಲ್ಕು ನಾಲ್ಕು ಕಂಬಿ! 'ಇಂಡಿಯನ್ 2' ಮುಗಿಯುವಾಗಲೂ ಹೀಗೇ ಮೂರನೆಯದರ ತುಣುಕು ತೋರಿಸಿ ಕಳಿಸಿದ್ದರು. ಕಂಬಿ ಬಿಡಲು ನಾನಂತೂ ಹೇಳಿರಲಿಲ್ಲ.

"ಇರ್ಲಿ ಬಿಡಿ ಸಾರ್, ಮುಂದಕ್ಕೆ" ಎಂದ ಮೇಸ್ತ್ರಿ.

ಇನ್ನು ಯಾರು ಕಟ್ಟುತ್ತಾರಪ್ಪ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಒಂದು ಕಂಬಿಯನ್ನು ಹಿಡಿದು ಅಲ್ಲಾಡಿಸಿ ಗಟ್ಟಿ ನೋಡಿದಳು. ಸೆರಗಿನೊಳಗಿಂದ ಹಿಡಿ ಮುರಿದ ನೀಲಿ ಮಗ್ಗು ತೆಗೆದು ಅದರ ತುದಿಗೆ ಬೋರಲು ಹಾಕಿದಳು.

"ಹಗ್ಗ ತಗೊಂಡು ಬಾ" ಎಂದಳು.