ನಿರಂತರ ಸುಧಾರಣೆ: ವಿಭಾಗಗಳ ಬಳಕೆಗಾಗಿ ಕೈಪಿಡಿ

ಅಭಿನಂದನೆಗಳು. ಕಾಲೇಜು ಈ ಬಾರಿ ಮಾನ್ಯತೆಗಾಗಿ ನ್ಯಾಕ್‌ಗೆ ಹೋಗುತ್ತಿದೆ ಎಂಬ ಸುತ್ತೋಲೆಗೆ ಸಹಿ ಹಾಕಿ ಅಟೆಂಡರ್ ಕೈಗೆ ಮರಳಿಸಿದ ಗಳಿಗೆಯಿಂದ ನಿಮ್ಮ ವಿಭಾಗದಲ್ಲಿ ನಿರಂತರ ಸುಧಾರಣೆ ಚಾಲೂ ಆಗಿದೆ. ಇದನ್ನು ಆರಿಸುವ ಗುಂಡಿಯನ್ನು ಕೊಟ್ಟಿಲ್ಲ. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ಓದುತ್ತಿರುವಾಗಲೇ ಜಿಯೋ-ಟ್ಯಾಗ್ ಬರುವಂತೆ ಒಂದು ಫೋಟೊ ತೆಗೆಸಿಟ್ಟುಕೊಳ್ಳಿ, ಮುಂದೆ ಕೇಳುತ್ತಾರೆ.

ತಯಾರಿಕೆಯ ವಿವರ

ಈ ಉಪಕರಣ ಹುಟ್ಟಿದ್ದು ಕಾಲೇಜಿನಲ್ಲಲ್ಲ, ಕಾರ್ಖಾನೆಯಲ್ಲಿ. ಅಮೆರಿಕದಲ್ಲಿ ದೂರವಾಣಿ ಸಾಮಗ್ರಿ ತಯಾರಿಸುವ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಒಂದು ಪುಟ್ಟ ಟಿಪ್ಪಣಿಯ ಜೊತೆ ಮೊದಲ ಕಂಟ್ರೋಲ್ ಚಾರ್ಟ್ ಬರೆದುಕೊಟ್ಟರು. ಅವರ ವಿಚಾರವನ್ನು ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಪಾಠ ಹೇಳಿದರು. ಯೋಜಿಸು, ಮಾಡು, ಪರಿಶೀಲಿಸು, ತಿದ್ದು ಎಂಬ ಚಕ್ರ ಅಲ್ಲಿಂದ ಉರುಳುತ್ತ ಬಂದು ನಮ್ಮ ಸ್ಟಾಫ್‌ರೂಮಿನ ಗೋಡೆಗೆ ನಾಲ್ಕು ಬಣ್ಣದ ವೃತ್ತವಾಗಿ ಅಂಟಿಕೊಂಡಿದೆ.

1986ರ ತಮ್ಮ ಪುಸ್ತಕದಲ್ಲಿ ಡೆಮಿಂಗ್ 14 ಸೂತ್ರಗಳನ್ನು ಕೊಟ್ಟಿದ್ದಾರೆ. ಕೆಲಸಗಾರರ ಮನಸ್ಸಿನಿಂದ ಭಯ ಓಡಿಸಿ, ಗೋಡೆಯ ಮೇಲಿನ ಘೋಷಣೆಗಳನ್ನು ತೆಗೆಯಿರಿ, ಅಂಕಿಯ ಗುರಿ ಕೊಟ್ಟು ದುಡಿಸಬೇಡಿ ಎನ್ನುವುದು ಅವುಗಳಲ್ಲಿ ಮೂರು. ಈ ಮೂರು ಬಿಡಿಭಾಗಗಳು ಸಾಗಣೆಯಲ್ಲಿ ಕಳೆದುಹೋಗಿವೆ. ಬದಲಿಗೆ ವಿಷನ್-ಮಿಷನ್ ಫಲಕ ಒಂದನ್ನು ಕಳಿಸಲಾಗಿದೆ. ಕಾರಿಡಾರಿನಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿ.

ನಮ್ಮಲ್ಲಿ ಇದರ ಉಸ್ತುವಾರಿ ಕಾಲೇಜುಗಳನ್ನು ಅಳೆದು ಮಾನ್ಯತೆ ಕೊಡುವ ನ್ಯಾಕ್‌ನದು. 1994ರಲ್ಲಿ ಸ್ಥಾಪನೆಯಾಯಿತು, ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. ಶ್ರೇಣಿ ಪದ್ಧತಿಯಲ್ಲಿ ಮಾನದಂಡಗಳು ಏಳು. ಅವುಗಳಲ್ಲಿ ಎರಡನೆಯದು ಬೋಧನೆ, ಕಲಿಕೆ, ಮೌಲ್ಯಮಾಪನ. ಸಂಯೋಜಿತ ಕಾಲೇಜುಗಳಿಗೆ 1000 ಅಂಕದಲ್ಲಿ 350 ಇದಕ್ಕೇ. ಅಂದರೆ ಪಾಠವೇ ಮುಖ್ಯ ಎಂದು ಕಾಗದದ ಮೇಲೆ ಯಾರೂ ಅಲ್ಲಗಳೆದಿಲ್ಲ. ತೊಂದರೆ ಇರುವುದು ಪಾಠಕ್ಕೂ ಕಾಗದಕ್ಕೂ ನಡುವೆ.

ಯೋಜನೆ ಹಾಕುವ ಕ್ರಮ

ಜೂನ್ ತಿಂಗಳಲ್ಲಿ ವಿಭಾಗದ ಸಭೆ ಕರೆಯಿರಿ. ಕರೆಯಲು ಆಗದಿದ್ದರೆ ನಡಾವಳಿಯನ್ನಾದರೂ ಬರೆಯಿರಿ. ವರ್ಷದ ಕೊನೆಯಲ್ಲಿ ಹನ್ನೆರಡು ಸಭೆಗಳ ನಡಾವಳಿಯನ್ನು ಒಂದೇ ಸಂಜೆ ಬರೆಯುವುದು ರೂಢಿಯಲ್ಲಿದೆ. ಹಾಗೆ ಬರೆಯುವಾಗ ಪ್ರತಿ ಸಭೆಗೂ ಪೆನ್ನು ಬದಲಿಸಿ. ಸಹಿ ಮಾಡುವವರಲ್ಲಿ ಒಬ್ಬರು ಆ ತಿಂಗಳು ಹೆರಿಗೆ ರಜೆಯಲ್ಲಿದ್ದರೇ, ವರ್ಗವಾಗಿ ಹೋಗಿದ್ದರೇ ಎಂಬುದನ್ನು ಹಾಜರಿ ಪುಸ್ತಕದಲ್ಲಿ ನೋಡಿಕೊಳ್ಳಿ.

ಮುಂದಿನದು ಗುರಿ ಗೊತ್ತುಮಾಡುವುದು. ಇದು ಇಡೀ ಕೈಪಿಡಿಯ ಮರ್ಮ, ಗಮನವಿಟ್ಟು ಓದಿ. ನಿರಂತರ ಸುಧಾರಣೆಗೆ ಬೇಕಾದದ್ದು ಒಳ್ಳೆಯ ಸ್ಥಿತಿಯಲ್ಲ, ಏರುವ ಗೆರೆ. ಮೊದಲ ವರ್ಷವೇ ಚೆನ್ನಾಗಿ ಪಾಠ ಮಾಡಿ, ಕಲಿಕೆಯ ಗುರಿ ಎಷ್ಟು ಮುಟ್ಟಿತೆಂದು ಹೇಳುವ ಅಟೈನ್‌ಮೆಂಟ್ 2.8 ಬರಿಸಿಕೊಂಡರೆ ಮುಂದಿನ ನಾಲ್ಕು ವರ್ಷ ಏರಲು ಜಾಗವೇ ಉಳಿಯುವುದಿಲ್ಲ, ಏಕೆಂದರೆ ಅಳತೆ ನಿಲ್ಲುವುದು 3ಕ್ಕೆ. ಆದ್ದರಿಂದ 1.6ರಿಂದ ಶುರುಮಾಡಿ. ವರ್ಷಕ್ಕೊಂದಿಷ್ಟು ಏರಿಸುತ್ತ ಹೋಗಿ. ನಡುವೆ ಒಂದು ವರ್ಷ ಕೊಂಚ ಇಳಿಸಿ, ಅದಕ್ಕೊಂದು ಕಾರಣ ಬರೆಯಿರಿ. ಸದಾ ಏರುವ ಗೆರೆಯನ್ನು ಯಾರೂ ನಂಬುವುದಿಲ್ಲ. ಪ್ರಾಮಾಣಿಕವಾಗಿ ದುಡಿದ ವಿಭಾಗ ಈ ಲೆಕ್ಕದಲ್ಲಿ ಜಡವಾಗಿ ಕಾಣುತ್ತದೆ. ಹೋದ ವರ್ಷ ಕೆಟ್ಟದಾಗಿ ನಡೆದ ವಿಭಾಗ ಪ್ರಗತಿಶೀಲವಾಗಿ ಕಾಣುತ್ತದೆ. ಇದು ಉಪಕರಣದ ದೋಷವಲ್ಲ, ಅದನ್ನು ಮಾಡಿರುವುದೇ ಹಾಗೆ.

ಮೌಲ್ಯಮಾಪನ ಕೋಷ್ಟಕ

ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿಒ, ಪಿಒ ಎಂಬ ಮಾತು ಮನೆಮಾತಾಯಿತು, ನಮ್ಮಂಥ ಪದವಿ ಕಾಲೇಜುಗಳಿಗೂ ಬಂತು. ಒಂದು ಪತ್ರಿಕೆಯಿಂದ ವಿದ್ಯಾರ್ಥಿಗೆ ಏನು ಬರಬೇಕು ಎನ್ನುವುದು ಸಿಒ. ಇಡೀ ಪದವಿಯಿಂದ ಏನು ಬರಬೇಕು ಎನ್ನುವುದು ಪಿಒ. ಕಲ್ಪನೆ ಚೆನ್ನಾಗಿಯೇ ಇದೆ: ಈ ಪಾಠ ಯಾಕೆ ಎಂದು ಮೇಷ್ಟರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಅದನ್ನು ಕೋಷ್ಟಕ ಮಾಡಿದ ಕೂಡಲೇ ಏನಾಯಿತು ನೋಡಿ. ಪತ್ರಿಕೆಗೆ 5 ಸಿಒ, ಪದವಿಗೆ 12 ಪಿಒ ಎಂದಿಟ್ಟುಕೊಳ್ಳಿ. ತುಂಬಬೇಕಾದ ಚೌಕಗಳು 60. ಸೆಮಿಸ್ಟರಿಗೆ ಆರು ಪತ್ರಿಕೆ ಎಂದರೆ 360. ಪ್ರತಿ ಚೌಕದಲ್ಲೂ ಸಂಬಂಧ ಎಷ್ಟು ಗಟ್ಟಿ ಎಂದು 1, 2, 3ರಲ್ಲಿ ಒಂದನ್ನೋ, ಸಂಬಂಧವೇ ಇಲ್ಲದಿದ್ದರೆ ಅಡ್ಡಗೆರೆಯನ್ನೋ ಬರೆಯಬೇಕು. ವಿಭಾಗದಲ್ಲಿ ನಡೆಯುವ ಸಂಭಾಷಣೆ ಹೀಗಿರುತ್ತದೆ:

"ಸರ್, ಹಳಗನ್ನಡ ಕಾವ್ಯಕ್ಕೂ ಪರಿಸರ ಪ್ರಜ್ಞೆಗೂ ಎಷ್ಟು ಹಾಕ್ಲಿ?"

"ಎರಡು ಹಾಕಿ ಮೇಡಂ. ಮೂರು ಹಾಕಿದ್ರೆ ಕೇಳ್ತಾರೆ, ಒಂದು ಹಾಕಿದ್ರೆ ಮೊತ್ತ ಬೀಳತ್ತೆ."

ಎರಡು ಎಂಬ ಅಂಕೆಗೆ ಹೀಗೆ ಒಂದು ಘನತೆ ಬಂದಿದೆ. ಈ ಎರಡುಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿದರೆ ಹೊರಬರುವ ಉತ್ತರದಲ್ಲಿ ದಶಮಾಂಶದ ನಂತರ ಎರಡು ಸ್ಥಾನಗಳಿರುತ್ತವೆ. ಊಹೆಯನ್ನು ಊಹೆಯಿಂದ ಗುಣಿಸಿ ಎಣಿಕೆಯಿಂದ ಭಾಗಿಸಿದಾಗ ಇಷ್ಟು ನಿಖರತೆ ಬರುವುದನ್ನು ಗಣಿತ ವಿಭಾಗದವರು ನೋಡಿಯೂ ಸುಮ್ಮನಿದ್ದಾರೆ. ಅವರೂ ಅದೇ ಕೋಷ್ಟಕ ತುಂಬಬೇಕಲ್ಲ.

ಸಿಒ ಬರೆಯುವಾಗ ಕ್ರಿಯಾಪದಗಳ ಬಗ್ಗೆ ಎಚ್ಚರ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದರು, 2001ರಲ್ಲಿ ಅದನ್ನು ಪರಿಷ್ಕರಿಸಲಾಯಿತು. "ವಿದ್ಯಾರ್ಥಿ ತಿಳಿದುಕೊಳ್ಳುತ್ತಾನೆ" ಎಂದು ಬರೆದರೆ ಹಿಂದಕ್ಕೆ ಬರುತ್ತದೆ. "ವಿಶ್ಲೇಷಿಸುತ್ತಾನೆ", "ವಿಮರ್ಶಿಸುತ್ತಾನೆ", "ಸೃಷ್ಟಿಸುತ್ತಾನೆ" ಎಂದು ಬರೆಯಿರಿ. ಪ್ರಶ್ನೆಪತ್ರಿಕೆ ಮಾತ್ರ ಟಿಪ್ಪಣಿ ಬರೆಯಿರಿ ಎನ್ನುತ್ತಲೇ ಇರುತ್ತದೆ. ಅದನ್ನು ತೆಗೆಯುವುದು ವಿಶ್ವವಿದ್ಯಾಲಯ, ನೀವಲ್ಲ.

ಸಂಯೋಜಿತ ಕಾಲೇಜಿನ ವಿಭಾಗಕ್ಕೆ ಈ ಮಾತು ಬಹಳ ಮುಖ್ಯ. ಪಠ್ಯಕ್ರಮ ವಿಶ್ವವಿದ್ಯಾಲಯದ್ದು, ಪ್ರಶ್ನೆಪತ್ರಿಕೆ ಅದರದು, ಮೌಲ್ಯಮಾಪನ ಯಾವುದೋ ಊರಿನ ಕೇಂದ್ರದಲ್ಲಿ. ಫಲಿತಾಂಶದ ಹೊಣೆ ನಿಮ್ಮದು. ನಿಮ್ಮ ಕೈಯಲ್ಲಿ ಉಳಿದಿರುವುದು ಇಂಟರ್ನಲ್ ಟೆಸ್ಟು, ಪಾಠದ ಅನುಕ್ರಮ ಮತ್ತು ತರಗತಿಯ ಬಾಗಿಲು ಮುಚ್ಚಿದ ಮೇಲಿನ ಒಂದು ಗಂಟೆ. ಈ ಕೊನೆಯದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.

ಫೀಡ್‌ಬ್ಯಾಕ್ ಸಂಗ್ರಹಣೆ

ಫೀಡ್‌ಬ್ಯಾಕ್ ಫಾರಂ ಕೊಡಲು ಅತ್ಯುತ್ತಮ ಸಮಯ ಹಾಲ್ ಟಿಕೆಟ್ ಹಂಚುವ ದಿನ. ಫಾರಂ ತುಂಬದೆ ಹಾಲ್ ಟಿಕೆಟ್ ಇಲ್ಲ ಎಂದರೆ ಪ್ರತಿಕ್ರಿಯೆ ನೂರಕ್ಕೆ ನೂರು ಬರುತ್ತದೆ. ರೆನ್ಸಿಸ್ ಲೈಕರ್ಟ್ 1932ರಲ್ಲಿ ರೂಪಿಸಿದ ಐದು ಮಟ್ಟಗಳ ಅಳತೆಗೋಲಿನ ಮೇಲೆ ಹುಡುಗರು ಒಂದೇ ಏಟಿಗೆ ಮೇಲಿನಿಂದ ಕೆಳಗೆ ಗೆರೆ ಎಳೆದು ಎಲ್ಲದಕ್ಕೂ 5 ಕೊಡುತ್ತಾರೆ. ಬಸ್ಸಿಗೆ ಹೊತ್ತಾಗಿರುತ್ತದೆ.

ಆದರೂ ಕೊನೆಯ ಖಾಲಿ ಸಾಲಿನಲ್ಲಿ ಒಬ್ಬಳು ಏನಾದರೂ ಬರೆದಿರುತ್ತಾಳೆ. ಹಿಂದಿನ ಬೆಂಚಿನ ಮೇಲಿನ ಫ್ಯಾನ್ ತಿರುಗುವುದಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಇಲ್ಲ. ಸರ್ ಪಾಠ ಚೆನ್ನಾಗಿದೆ, ಆದರೆ ಬೋರ್ಡಿನ ಕಡೆ ತಿರುಗಿ ಮಾತಾಡುತ್ತಾರೆ, ಕೇಳಿಸುವುದಿಲ್ಲ. ಇಡೀ ಕಟ್ಟಿನಲ್ಲಿ ಓದಬೇಕಾದದ್ದು ಇಂಥ ಮೂರು ನಾಲ್ಕು ಸಾಲು ಮಾತ್ರ. ಉಪಕರಣದ ನಿಯಮದ ಪ್ರಕಾರ ಇವು ಪರಿಗಣನೆಗೆ ಬರುವುದಿಲ್ಲ, ಏಕೆಂದರೆ ಇವುಗಳಿಂದ ಪೈ ಚಾರ್ಟ್ ಬರೆಯಲಾಗದು. ಕೈಗೊಂಡ ಕ್ರಮದ ವರದಿಯಲ್ಲಿ "ಸದರಿ ವಿಷಯವನ್ನು ಪ್ರಾಂಶುಪಾಲರ ಗಮನಕ್ಕೆ ತರಲಾಗಿದೆ" ಎಂದು ಬರೆದು ಚಕ್ರವನ್ನು ಪೂರ್ಣಗೊಳಿಸಿ. ಚಿಲಕ ಹಾಕಿಸಲು ಬೇಕಾಗುವ ಹಣಕ್ಕಿಂತ ಈ ವರದಿಯ ಸ್ಪೈರಲ್ ಬೈಂಡಿಂಗ್ ದುಬಾರಿ ಎಂಬುದು ನಿಮಗೆ ಗೊತ್ತಿದ್ದರೆ ಸಾಕು, ಬರೆಯಬೇಕಿಲ್ಲ.

ಪಿಯರ್ ಟೀಂ ಬರುವ ದಿನಗಳು

ಪರಿಶೀಲನೆಗೆ ನ್ಯಾಕ್ ಕಳಿಸುವ ಈ ತಂಡಕ್ಕೆ ಬೇಕಾದದ್ದು, ಚುಟುಕಾಗಿ: ಸುಣ್ಣ-ಬಣ್ಣ, ಬಾಡಿಗೆ ಹೂಕುಂಡ, ಮೈಸೂರು ಪೇಟ, ಶಾಲು, ಫಲತಾಂಬೂಲ. ಮಳೆನೀರು ಕೊಯ್ಲಿನ ಪೈಪು ತೊಟ್ಟಿಯವರೆಗೆ ಮುಟ್ಟಿದೆಯೇ ನೋಡಿಕೊಳ್ಳಿ. ಹಳೆಯ ವಿದ್ಯಾರ್ಥಿಗಳು ಎಂದು ಕೂರಿಸಿದವರಿಗೆ ತಾವು ಯಾವ ವರ್ಷ ಪಾಸಾದದ್ದು ಎಂಬುದನ್ನು ಹೇಳಿಕೊಡಿ. ಎರಡು "ಉತ್ತಮ ಪದ್ಧತಿ"ಗಳನ್ನು ತೋರಿಸಬೇಕು. ಸಸಿ ನೆಡುವುದೂ ರಕ್ತದಾನವೂ ಸವೆದುಹೋಗಿವೆ, ಬೇರೆ ಹುಡುಕಿ. ಅತಿಥಿ ಸತ್ಕಾರ ಎಲ್ಲಿ ನಿಲ್ಲಬೇಕು ಎನ್ನುವುದಕ್ಕೆ ಮಾತ್ರ ಕೈಪಿಡಿ ಬೇಕಿಲ್ಲ: ಆಂಧ್ರದ ಸಂಸ್ಥೆಯೊಂದಕ್ಕೆ ಒಳ್ಳೆಯ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ಸಿಬಿಐ 2025ರ ಫೆಬ್ರುವರಿಯಲ್ಲಿ ನ್ಯಾಕ್ ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ ಬಂಧಿಸಿತು.

ದೋಷ ಮತ್ತು ಪರಿಹಾರ

ಗೆರೆ ಏರುತ್ತಿಲ್ಲ, ನಡುವೆ ತುಂಡಾಗಿದೆ ಎಂಬ ದೂರು ಕರ್ನಾಟಕದ ಗ್ರಾಹಕರಿಂದ ಹೆಚ್ಚು. ಕಾರಣ ಸರಳ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದ ಹೆಮ್ಮೆಯಲ್ಲಿ ನಾವು 2021-22ರಲ್ಲಿ ಪಠ್ಯಕ್ರಮ ಬದಲಿಸಿದೆವು. ಸರ್ಕಾರ ಬದಲಾಯಿತು, 2024-25ರಿಂದ ಮೂರು ವರ್ಷದ ಹಳೆಯ ಪದವಿಗೆ ಮರಳಿ ಪಠ್ಯಕ್ರಮವನ್ನು ಮತ್ತೆ ಬದಲಿಸಿದೆವು. ಹೀಗಾಗಿ 2020ರಲ್ಲಿ ಸೇರಿದವರದು ಒಂದು ಪಠ್ಯ, 2021ರಲ್ಲಿ ಸೇರಿದವರದು ಇನ್ನೊಂದು, 2024ರವರದು ಮತ್ತೊಂದು. ಈ ಮೂರನ್ನೂ ಒಂದೇ ಗ್ರಾಫಿನಲ್ಲಿ ಹೋಲಿಸಿ ಐದು ವರ್ಷದ ಸುಧಾರಣೆ ತೋರಿಸಬೇಕು. ಪರಿಹಾರ: ಗ್ರಾಫಿನ ಕೆಳಗೆ ಪಠ್ಯಕ್ರಮದ ಹೆಸರು ಬರೆಯಬೇಡಿ.

ಇನ್ನೊಂದು ದೂರು, ಯೋಜನೆ ಹಾಕಿದವರೇ ಮುಂದಿನ ವರ್ಷ ಇರುವುದಿಲ್ಲ ಎಂಬುದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿ ಎಂದು ಅವರು ತರಗತಿ ಬಿಟ್ಟು ಮುಷ್ಕರ ಹೂಡಿದ್ದರು. ಈ ವರ್ಷ ಕಂಡುಕೊಂಡ ಕೊರತೆಯನ್ನು ಮುಂದಿನ ವರ್ಷ ಸರಿಪಡಿಸು ಎನ್ನುತ್ತದೆ ಚಕ್ರ. ಮುಂದಿನ ವರ್ಷ ತಾನು ಯಾವ ತಾಲ್ಲೂಕಿನಲ್ಲಿರುತ್ತೇನೆ ಎಂದು ತಿಳಿಯದ ಮೇಷ್ಟರಿಗೆ ನಿರಂತರ ಎಂಬುದನ್ನು ಯಾವ ಬಾಯಲ್ಲಿ ಹೇಳುವುದು? ಈ ದೋಷಕ್ಕೆ ವಿಭಾಗದ ಮಟ್ಟದಲ್ಲಿ ಪರಿಹಾರ ಇಲ್ಲ. ವಿಧಾನಸೌಧವನ್ನು ಸಂಪರ್ಕಿಸಿ.

ಎಚ್ಚರಿಕೆ

ಅಪರೂಪಕ್ಕೆ, ಬಳಕೆಯ ನಡುವೆ, ನಿಜವಾದ ಸುಧಾರಣೆ ಆಗಿಬಿಡುವುದುಂಟು. ಗುರುತಿಸುವುದು ಹೇಗೆ ಎಂದು ಒಂದು ಉದಾಹರಣೆ ಕೊಟ್ಟಿದ್ದೇವೆ.

ಅರ್ಥಶಾಸ್ತ್ರದ ಮೇಡಂ ಒಬ್ಬರು ಮೊದಲ ಇಂಟರ್ನಲ್ ಟೆಸ್ಟಿನ ಉತ್ತರ ಪತ್ರಿಕೆ ತಿದ್ದುತ್ತಿದ್ದಾರೆ ಎಂದುಕೊಳ್ಳಿ. ಬೇಡಿಕೆಯ ಸ್ಥಿತಿಸ್ಥಾಪಕತ್ವದ ಲೆಕ್ಕ. ಬೆಲೆ 20 ರೂಪಾಯಿಯಿಂದ 25ಕ್ಕೆ ಏರಿತು, ಬೇಡಿಕೆ 100 ಕಿಲೋದಿಂದ 80ಕ್ಕೆ ಇಳಿಯಿತು. ಬೆಲೆ ಶೇ. 25 ಏರಿದೆ, ಬೇಡಿಕೆ ಶೇ. 20 ಇಳಿದಿದೆ, ಉತ್ತರ 0.8. ಅರ್ಧ ತರಗತಿ 4 ಎಂದು ಬರೆದಿದೆ. ಎಲ್ಲರೂ ಒಂದೇ ಕಡೆ ಎಡವಿದ್ದಾರೆ: ಶೇಕಡಾ ತೆಗೆಯದೆ 20ನ್ನು ನೇರ 5ರಿಂದ ಭಾಗಿಸಿದ್ದಾರೆ. ಜನ ಬೆಲೆಗೆ ಅಷ್ಟಾಗಿ ಜಗ್ಗದ ಸರಕು ಇವರ ಲೆಕ್ಕದಲ್ಲಿ ಬೆಲೆಗೆ ಬೆದರುವ ಸರಕಾಗಿ ಕೂತಿದೆ, ತೀರ್ಮಾನವೇ ತಲೆಕೆಳಗು. ತಪ್ಪು ಅರ್ಥಶಾಸ್ತ್ರದ್ದಲ್ಲ, ಹೈಸ್ಕೂಲಿನ ಶೇಕಡಾ ಲೆಕ್ಕದ್ದು ಎಂದು ಮೇಡಂಗೆ ಹೊಳೆಯುತ್ತದೆ. ಮುಂದಿನ ಎರಡು ಪೀರಿಯಡ್ ಪಠ್ಯ ಬದಿಗಿಟ್ಟು, ಸಂತೆಯ ಟೊಮೆಟೊ ಬೆಲೆ ಹಿಡಿದು ಶೇಕಡಾ ಹೇಳಿಕೊಡುತ್ತಾರೆ. ಎರಡನೆಯ ಟೆಸ್ಟಿಗೆ ಅದೇ ಬಗೆಯ ಲೆಕ್ಕ ಕೊಡುತ್ತಾರೆ. ಇನ್ನೂ ಎಡವಿದವರನ್ನು ಸ್ಟಾಫ್‌ರೂಮಿಗೆ ಕರೆಯುತ್ತಾರೆ. ಬರುವ ವರ್ಷ ಈ ಪಾಠಕ್ಕೆ ಮೊದಲೇ ಶೇಕಡಾ ಮುಗಿಸುವುದು ಎಂದು ತಮ್ಮ ನೋಟ್ಸಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾರೆ.

ಯೋಜನೆ, ಪ್ರಯೋಗ, ಪರಿಶೀಲನೆ, ತಿದ್ದುಪಡಿ ನಾಲ್ಕೂ ಇಲ್ಲಿವೆ. ಡೆಮಿಂಗ್ ಇದ್ದಿದ್ದರೆ ಮೆಚ್ಚುತ್ತಿದ್ದರು. ಆದರೆ ಫೋಟೊ ಇಲ್ಲ, ಬ್ಯಾನರ್ ಇಲ್ಲ, ಲೆಸನ್ ಪ್ಲಾನ್ ಪ್ರಕಾರ ಆ ಎರಡು ಪೀರಿಯಡ್ ಪಾಠ ಹಿಂದೆ ಬಿದ್ದಿದೆ. ವರ್ಕ್ ಡೈರಿಯಲ್ಲಿ ಏನು ಬರೆಯಬೇಕೆಂದು ಅವರು ಕೇಳಿದರೆ "ಪುನರಾವರ್ತನೆ" ಎಂದು ಬರೆಯಲು ಹೇಳಿ.

ಖಾತರಿ

ಶ್ರೇಣಿಗೆ ಖಾತರಿ 5 ವರ್ಷ. ಅಷ್ಟರೊಳಗೆ ಶ್ರೇಣಿಯೇ ಹೋಗಬಹುದು: ಎ ಪ್ಲಸ್ ಪ್ಲಸ್, ಬಿ ಪ್ಲಸ್‌ಗಳನ್ನು ಬಿಟ್ಟು ಮಾನ್ಯತೆ ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರದ ಪದ್ಧತಿಗೆ ಹೋಗುವುದಾಗಿ 2024ರ ಜನವರಿಯಲ್ಲಿ ನ್ಯಾಕ್ ಘೋಷಿಸಿದೆ. ಗೇಟಿನ ಮೇಲೆ ಶ್ರೇಣಿಯನ್ನು ಕಬ್ಬಿಣದ ಅಕ್ಷರದಲ್ಲಿ ಬರೆಸುವ ಬದಲು ಫ್ಲೆಕ್ಸ್‌ನಲ್ಲಿ ಹಾಕಿಸಿ.

ತಂಡ ಹೋದ ಮೇಲೆ ಬಾಕ್ಸ್ ಫೈಲುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ವಿಭಾಗದ ಮುಖ್ಯಸ್ಥರಲ್ಲಿ ಒಂದೇ ಕೋರಿಕೆ: ಇಂಟರ್ನಲ್ ಟೆಸ್ಟಿನ ಉತ್ತರ ಪತ್ರಿಕೆಗಳ ಕಟ್ಟನ್ನು ರದ್ದಿಗೆ ಹಾಕುವ ಮೊದಲು, ಒಂದು ಮಧ್ಯಾಹ್ನ, ವಿಭಾಗದವರೆಲ್ಲ ಕೂತು ಒಮ್ಮೆ ತಿರುವಿ ನೋಡಿ. ನಡಾವಳಿ ಬರೆಯುವುದು ಬೇಡ.